ಒಂದು ಬುಟ್ಟಿಯೂ ಇಳಿಯೋದಿಲ್ಲ

"ಅಕ್ಕಾ, ನಿಮ್ಮ ಬುಟ್ಟಿ ಮತ್ತೆ ವಕೀಲರ ಬಿಳಿ ಅಂಗಿ ಮೇಲೆ ಉಚ್ಚೆ ಹೊಯ್ದಿದೆ, ಬಂದು ನೋಡಿ!"

ಕೆಳಗಿನಿಂದ ಇಸ್ತ್ರಿಯವನು ಕೂಗಿದ. ಚಿಕ್ಕಮ್ಮ ಬಾಲ್ಕನಿಯ ಹೊಲಿಗೆ ಯಂತ್ರದ ಮೇಲಿಂದ ಕಾಲು ತೆಗೆಯಲೂ ಇಲ್ಲ.

"ನಿನ್ನ ಇಸ್ತ್ರಿ ಪೆಟ್ಟಿಗೆ ಕಾವಿಗೆ ನನ್ನ ಗಿಡಗಳೆಲ್ಲ ಬೆಂದು ಹೋಗ್ತಿವೆ. ಅದಕ್ಕೇನಂತೀಯ?"

"ಬೆಂದಿದ್ರೆ ಉಪ್ಪು ಹಾಕ್ಕೊಂಡು ತಿನ್ನಿ!"

ನಮ್ಮ ಬಾಲ್ಕನಿ ಪಡುವಣಕ್ಕೆ ಮುಖ ಮಾಡಿದೆ. ಮಧ್ಯಾಹ್ನವಾದರೆ ಬಿಸಿಲು ನೇರ ಬಂದು ಕೆನ್ನೆಗೆ ಬಾರಿಸುತ್ತದೆ. ಅಡ್ಡಕ್ಕಿದ್ದದ್ದು ಚಿಕ್ಕಮ್ಮನ ಏಳು ತೂಗುಬುಟ್ಟಿಗಳು ಮಾತ್ರ. ಅವುಗಳಿಂದ ಇಳಿಬಿದ್ದ ಬಳ್ಳಿಯೇ ನಮ್ಮ ಪರದೆ. ಬುಟ್ಟಿ ಹೋದರೆ ಹೊಲಿಗೆ ಯಂತ್ರ ಒಳಗೆ ಹೋಗಬೇಕು. ಒಳಗಿನ ಕೋಣೆಯಲ್ಲಿ ಸೂಜಿಯ ಕಣ್ಣಿರಲಿ, ಸೂಜಿಯೇ ಕಾಣುವುದಿಲ್ಲ. ಹೊಲಿಗೆ ನಿಂತರೆ ನಮ್ಮಿಬ್ಬರ ಅನ್ನವೂ ನಿಂತ ಹಾಗೆ.

ಇಸ್ತ್ರಿಯವನು ದೂರು ಕೊಟ್ಟಿದ್ದನೆಂದು ಕಾಣುತ್ತದೆ, ಸಂಜೆ ಮನೆ ಮಾಲೀಕರು ಮೇಲೆ ಬಂದರು. ಅವರು ಮಹಾ ಬೆವರಿನ ಮನುಷ್ಯ. ಕೊರಳಿಗೆ ಕರ್ಚೀಫು ಸುತ್ತಿಕೊಳ್ಳದೆ ಮಾತೇ ಶುರು ಮಾಡುವವರಲ್ಲ.

"ನೋಡಮ್ಮಾ, ಇನ್ನೊಂದು ಹನಿ ಬಿದ್ರೆ ಎಲ್ಲಾ ಇಳಿಸಿಬಿಡ್ತೀನಿ. ಹೇಗಿದ್ರೂ ಅರ್ಧಕ್ಕರ್ಧ ಸತ್ತಿವೆ. ಭಾನುವಾರ ನಾನೇ ಕೆಳಗೆ ನಿಂತು ನೋಡ್ತೀನಿ."

"ನಿಂತ್ಕೊಳ್ಳಿ. ಕೊಡೆ ಮಾತ್ರ ತರಬೇಡಿ, ಬೇಕಾಗಲ್ಲ."

ಅವರು ಮೆಟ್ಟಿಲಿಳಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಎಂಥ ಮಾತಾಡಿಬಿಟ್ಟೆ ಚಿಕ್ಕಮ್ಮ! ನೀರು ಹಾಕಿದ್ರೆ ತೊಟ್ಟಿಕ್ಕುತ್ತೆ, ಹಾಕದಿದ್ರೆ ಸಾಯ್ತವೆ."

"ಹಾಕಿದ್ರೂ ಸಾಯ್ತಾ ಇವೆಯಲ್ಲೇ! ಅದೇ ನನ್ನ ತಲೆಗೆ ಹೋಗ್ತಿಲ್ಲ."

ಸ್ಟೂಲು ಎಳೆದು ಹತ್ತಿ, ಮೂಲೆಯ ಪೆಟೂನಿಯ ಹೂಗಿಡದ ಬುಟ್ಟಿಯನ್ನು ಕೊಂಡಿಯಿಂದ ಬಿಡಿಸಿದಳು. ಬಿಡಿಸಿದವಳು ಹಾಗೇ ನಿಂತಳು. "ಹಿಡಿ" ಎಂದು ನನ್ನ ಕೈಗೆ ಕೊಟ್ಟಳು. ಭಾರಕ್ಕೆ ಸಜ್ಜಾಗಿದ್ದ ನನ್ನ ಕೈ ಬುಟ್ಟಿಯ ಸಮೇತ ಮೇಲಕ್ಕೆ ಹಾರಿತು. ಖಾಲಿ ಹಕ್ಕಿಗೂಡಿನಷ್ಟೂ ತೂಕವಿಲ್ಲ! ಬೆಳಗ್ಗೆಯಷ್ಟೇ ಅದಕ್ಕೆ ಮಗ್ ತುಂಬ ನೀರು ಹೊಯ್ದವಳು ನಾನೇ.

"ಕುಡಿದೇ ಇಲ್ಲ ಕಣೇ," ಎಂದಳು ಚಿಕ್ಕಮ್ಮ. "ಮಣ್ಣು ಒಣಗಿ ಕಲ್ಲಾಗಿದೆ. ನೋಡು, ಕುಗ್ಗಿ ಬುಟ್ಟಿಯ ಅಂಚನ್ನೇ ಬಿಟ್ಟಿದೆ. ನೀನು ಹಾಕಿದ ನೀರೆಲ್ಲ ಆ ಸಂದಿಯಲ್ಲಿ ಜಾರಿ ಕೆಳಗೆ ಹೋಗಿದೆ. ಕುಡಿದಿದ್ದು ಗಿಡ ಅಲ್ಲ, ವಕೀಲರ ಅಂಗಿ!"

ಬಚ್ಚಲಿನ ಬಕೆಟ್ಟಿಗೆ ಇಳಿಸಿದರೆ ಬುಟ್ಟಿ ಬಾತುಕೋಳಿಯ ಹಾಗೆ ತೇಲಿತು. ಚಿಕ್ಕಮ್ಮ ಬಿಡುತ್ತಾಳೆಯೇ? ಹಟಮಾರಿ ಮಗುವಿಗೆ ಸ್ನಾನ ಮಾಡಿಸುವಂತೆ ಎರಡೂ ಅಂಗೈಯಿಂದ ಅದುಮಿ ಹಿಡಿದು ಕೂತಳು. ಗುಳುಗುಳು ಗುಳ್ಳೆಗಳೆದ್ದವು. ಗುಳ್ಳೆ ನಿಂತಾಗ ಬುಟ್ಟಿ ತಾನಾಗಿಯೇ ತಳ ಸೇರಿತು. ಎತ್ತಲು ಇಬ್ಬರೂ ಬೇಕಾಯಿತು. ಬಚ್ಚಲಲ್ಲೇ ತೊಟ್ಟಿಕ್ಕಿಸಿ, ಕೊನೆಯ ಹನಿಯೂ ನಿಂತ ಮೇಲೆ ಮತ್ತೆ ಕೊಂಡಿಗೇರಿಸಿದೆವು.

ದಿನವೂ ಸಂಜೆ ಏಳೂ ಬುಟ್ಟಿಗಳಿಗೆ ಅದೇ ಸ್ನಾನ, ಒಂದು ಮುಳುಗಿದ ನೀರಿನಲ್ಲೇ ಇನ್ನೊಂದು. ಬಾಲ್ಕನಿ ಕಂಬಿಗೆ ಕಟ್ಟಿದ್ದ ಉದ್ದ ಕುಂಡಗಳನ್ನು ಇಳಿಸುವಂತಿರಲಿಲ್ಲ. ಅವಕ್ಕೆ ಹತ್ತಿಬಟ್ಟೆಯ ಪಟ್ಟಿ ಕತ್ತರಿಸಿ, ಒಂದು ತುದಿ ನೀರಿನ ಬಾಟಲಿಗೂ ಇನ್ನೊಂದು ತುದಿ ಮಣ್ಣಿಗೂ ಇಳಿಸಿದಳು, ಬತ್ತಿ ಎಣ್ಣೆ ಹೀರುವ ಹಾಗೆ ಮಣ್ಣು ಬೇಕಾದಷ್ಟೇ ನೀರು ಹೀರಲಿ ಎಂದು. ಮಣ್ಣಿನ ಮೇಲೆ ಯಾರ್ಯಾರದೋ ಫ್ರಾಕು, ಪರದೆಗಳ ಚೂರು ಹೊದಿಸಿದಳು. ಬಿಸಿಲು ಬೇಕಾದರೆ ಆ ಚೂರುಗಳನ್ನು ಸುಡಲಿ ಎಂದಳು.

ವಾರವಿಡೀ ಇಸ್ತ್ರಿಯವನು ಮೇಲೇ ನೋಡುತ್ತಿದ್ದ. "ನೀರು ಹಾಕೋದೇ ಬಿಟ್ರಾ ಅಕ್ಕಾ? ಪಾಪ, ಸಾಯ್ತವೆ!"

"ಈಗ ಪಾಪ ಬಂತಾ? ಕತ್ತು ಉಳುಕೀತು, ಕೆಲಸ ನೋಡು."

ಭಾನುವಾರ ಉರಿಬಿಸಿಲಲ್ಲಿ ಮಾಲೀಕರು ಬಂದರು. ಇಸ್ತ್ರಿ ಮೇಜಿನ ಮೇಲೆ ವಕೀಲರ ಅಂಗಿ ಹರಡಿತ್ತು. ಅದರ ಮೇಲೆಯೇ ಬಾಗಿ, ಮುಖ ಮೇಲಕ್ಕೆತ್ತಿ ಕಾದರು. ಮೇಲೆ ಕಂಬಿಗೆ ಒರಗಿ ನಾವೂ ಕಾದೆವು. ಪೆಟೂನಿಯದಲ್ಲಿ ಹೊಸ ಮೊಗ್ಗುಗಳು ಮೂಡಿದ್ದವು. ಅವು ಅವರ ಕಣ್ಣಿಗೆ ಬಿದ್ದವೋ ಇಲ್ಲವೋ.

"ಬಿತ್ತು! ಬಿತ್ತು ನೋಡು ಹನಿ!" ಎಂದು ಮಾಲೀಕರು ಕೂಗಿದರು.

ಅಂಗಿಯ ಕಾಲರಿನ ಮೇಲೆ ನಿಜಕ್ಕೂ ಒದ್ದೆ ಚುಕ್ಕಿ. ಚಿಕ್ಕಮ್ಮ ಕಂಬಿಯನ್ನು ಗಟ್ಟಿಯಾಗಿ ಹಿಡಿದಳು. ಇಸ್ತ್ರಿಯವನು ಬಾಗಿ ಚುಕ್ಕಿ ನೋಡಿದ, ಬುಟ್ಟಿ ನೋಡಿದ, ಆಮೇಲೆ ಮಾಲೀಕರ ಮುಖ ನೋಡಿದ.

"ಸಾರ್, ಬುಟ್ಟಿ ನೀರಾದ್ರೆ ಕಂದು ಕಲೆ ಆಗುತ್ತೆ. ಅದು ಬಿದ್ದು ವಾರ ಆಯ್ತು. ಇದು ನಿಮ್ಮ ಗದ್ದದ್ದು. ಇಗೋ, ಇನ್ನೊಂದು ಹೊರಟಿದೆ."

ಮಾಲೀಕರು ಕರ್ಚೀಫಿಗೆ ಕೈ ಹಾಕಿದರು.

"ಹಾಗಾದ್ರೆ ಯಾವುದನ್ನ ಇಳಿಸೋಣ, ಹೇಳಿಬಿಡಿ," ಎಂದಳು ಮೇಲಿನಿಂದ ಚಿಕ್ಕಮ್ಮ. "ಬುಟ್ಟೀನಾ, ಗದ್ದಾನಾ?"

ಇಸ್ತ್ರಿಯವನು ತುಟಿ ಕಚ್ಚಿಕೊಂಡು ಆ ಚುಕ್ಕಿಯ ಮೇಲೆ ಬಿಸಿ ಪೆಟ್ಟಿಗೆ ಒತ್ತಿದ. ಚುಂಯ್ ಎಂದಿತು.