ಇಸ್ತ್ರಿ ಅಂಗಡಿಯ ನಿವಾಸಿಗಳು

ಬೆಳಿಗ್ಗೆ ಮೊದಲ ಅಂಗಿಗೆ ನೀರು ಚಿಮುಕಿಸುತ್ತಿದ್ದೆ, ನಗರಸಭೆಯ ಜೀಪು ಬಂದು ಅಂಗಡಿ ಮುಂದೆ ನಿಂತಿತು. ಇಳಿದ ಅಧಿಕಾರಿಯ ಕೈಯಲ್ಲಿ ದಪ್ಪ ಬೀಗ.

"ಇಲ್ಲಿ ನಲವತ್ತು ಜನ ವಾಸ ಇದ್ದಾರಂತೆ. ಒಂದು ಕೋಣೆಗೆ ನಾಲ್ಕು ಜನಕ್ಕಿಂತ ಹೆಚ್ಚು ಇರೋ ಹಾಗಿಲ್ಲ. ಸಾಮಾನು ಹೊರಗಿಡಿ, ಬೀಗಮುದ್ರೆ ಹಾಕಬೇಕು."

ಮೊದಲು ನಗು ಬಂತು. ಆಮೇಲೆ ಬೀಗ ನೋಡಿ ನೀರಿನ ಚೊಂಬು ಕೆಳಗಿಟ್ಟೆ. ನನಗೆ ಅಂಗಡಿಯೂ ಅದೇ, ಮನೆಯೂ ಅದೇ. ಮುಂದೆ ಇಸ್ತ್ರಿ ಮೇಜು, ಪರದೆಯ ಹಿಂದೆ ಒಂದು ಮಂಚ, ಒಂದು ಒಲೆ. ಅಲ್ಲಿ ನಲವತ್ತು ಜನ ಮಲಗಬೇಕೆಂದರೆ ಇಸ್ತ್ರಿ ಮಾಡಿ, ಮಡಚಿ, ಒಬ್ಬರ ಮೇಲೊಬ್ಬರನ್ನು ಪೇರಿಸಬೇಕು. ಹಾಗೆಂದು ಹೇಳಿಯೂ ಹೇಳಿದೆ. ಅವನ ಮುಖದ ಗಂಟು ಸಡಿಲವಾಗಲಿಲ್ಲ.

"ಯಾರು ಹೇಳಿದ್ದು ನಿಮಗೆ?"

"ನಮ್ಮ ಎಐ."

ಅಂದರೆ ಮಾತಿನಮಲ್ಲಿ. ನಗರಸಭೆಯವರು ಫೋನಿನೊಳಗೆ ಕೂರಿಸಿರುವ ಸಹಾಯಕಿಗೆ ನಮ್ಮ ಬೀದಿ ಇಟ್ಟ ಹೆಸರು ಅದು. ನಲ್ಲಿ ಬೇಕೇ, ಜನನ ಪತ್ರ ಬೇಕೇ, ಬಾಯಲ್ಲಿ ಹೇಳಿದರೆ ಸಾಕು, ಅರ್ಜಿ ತಾನೇ ಬರೆದು ಕಳಿಸುತ್ತಾಳೆ. ಆದರೆ ಅವಳ ಜೊತೆ ಮಾತಾಡಲು ಬೀದಿಗೆಲ್ಲ ಸಂಕೋಚ. ಬಟ್ಟೆಗಂಟಿನ ಜೊತೆ ತಾಪತ್ರಯವನ್ನೂ ತಂದು ನನ್ನ ಮೇಜಿನ ಮೇಲೆ ಇಳಿಸುತ್ತಾರೆ. "ಇಸ್ತ್ರಿ ಅಕ್ಕ, ನೀನೇ ಕೇಳು." ನಾನು ಫೋನನ್ನು ಸ್ಪೀಕರಿಗೆ ಹಾಕಿ, ಇಸ್ತ್ರಿ ಪೆಟ್ಟಿಗೆ ಆಡಿಸುತ್ತಲೇ ಕೇಳುತ್ತೇನೆ. ನಂಬರು ಅವರವರದು, ವಿಳಾಸ ಮಾತ್ರ ನನ್ನ ಅಂಗಡಿಯದು. ಕಾಗದ ಬಂದರೆ ಬಟ್ಟೆಯ ಜೊತೆಗೇ ಕೊಡಬಹುದಲ್ಲ! ಮಾತಿನಮಲ್ಲಿ ಅಷ್ಟೂ ಜನರನ್ನು ನನ್ನ ಮಂಚದ ಮೇಲೆ ಮಲಗಿಸಿಬಿಟ್ಟಿದ್ದಳು.

ಕೈ ಮುಗಿದು ಬೇಡಿಕೊಂಡೆ. ಅಧಿಕಾರಿ ನಿಟ್ಟುಸಿರು ಬಿಟ್ಟು ತನ್ನ ಟ್ಯಾಬ್ ತೆಗೆದ.

"ನೋಡಮ್ಮ, ಎಲ್ಲರ ಫೋನಿಗೂ ಒಂದು ಪ್ರಶ್ನೆ ಕಳಿಸ್ತೀನಿ. ಈ ವಿಳಾಸದಲ್ಲಿ ವಾಸ ಇದ್ದೀರಾ ಅಂತ. ಇಲ್ಲ ಅಂದವರ ಹೆಸರು ಹೋಗುತ್ತೆ. ನಾನು ಹೊರಡೋದರೊಳಗೆ ಆಗಬೇಕು."

ಎದುರು ಅಂಗಡಿಯ ಹೊಲಿಗೆಯವಳು ಅದನ್ನು ಕೇಳಿದ್ದೇ ತಡ, ಬೀದಿಯುದ್ದಕ್ಕೂ ಓಡಿದಳು. "ಇಲ್ಲ ಅಂತ ಒತ್ರೋ! ಇಸ್ತ್ರಿ ಅಕ್ಕನ ಮನೇಲಿ ಇಲ್ಲ ಅಂತ ಒತ್ತಿ!" ಅರ್ಧ ಗಡ್ಡ ಬೋಳಿಸಿದವರು, ಕೈಯಲ್ಲಿ ಸೌಟು ಹಿಡಿದವರು, ಎಲ್ಲರೂ ಹೊರಗೆ ಬಂದರು. ಮೂಲೆಮನೆಯ ಅಜ್ಜಿ ಮಾತ್ರ ಫೋನು ಹಿಡಿದು ಪೇಚಾಡುತ್ತಿದ್ದಳು. "ನೀನು ಯಾರೋ ನಂಗೆ ಗೊತ್ತಿಲ್ಲ ಅಂದ ಹಾಗಾಗುತ್ತಲ್ಲೇ, ಮನಸ್ಸೇ ಬರಲ್ಲ."

ನಾನು ನಮ್ಮನೆಯವರಿಗೆ ಫೋನು ಮಾಡಿದೆ. ಅವರು ದೂರದ ಬಂದರಿನಲ್ಲಿ ಕ್ರೇನ್ ಓಡಿಸುತ್ತಾರೆ, ರಜೆ ಸಿಕ್ಕಾಗ ಬರುತ್ತಾರೆ. ಈ ವರ್ಷ ರಜೆ ಸಿಕ್ಕಿರಲಿಲ್ಲ.

"ರೀ, ಬೀಗ ಹಾಕೋಕೆ ಬಂದಿದಾರೆ. ನಿಮಗೂ ಒಂದು ಪ್ರಶ್ನೆ ಬರುತ್ತೆ. ಬೀದಿಯವರೆಲ್ಲ ಇಲ್ಲ ಅಂತಾರೆ, ನಾವಿಬ್ಬರೇ ಹೌದು ಅನ್ನಬೇಕು."

"ಬಂದಿದೆ. ನೋಡ್ತೀನಿ," ಅಂದರು.

ಟ್ಯಾಬಿನ ಮೇಲೆ ಜನ ಕರಗತೊಡಗಿದರು. ಇಪ್ಪತ್ತು. ಒಂಬತ್ತು. ಐದು. ಕೊನೆಗೆ ಅಜ್ಜಿ ಕಣ್ಣು ಮುಚ್ಚಿಕೊಂಡು ಒತ್ತಿದಳು. ಎರಡು! ಯಾರೋ ಸಿಳ್ಳೆ ಹಾಕಿದರು, ಅಧಿಕಾರಿ ಬೀಗವನ್ನು ಚೀಲಕ್ಕೆ ಹಾಕಿದ. ನಾನು ಸೆರಗಿನಿಂದ ಮುಖ ಒರೆಸಿಕೊಂಡು ನೋಡುವಷ್ಟರಲ್ಲಿ ಎರಡು ಹೋಗಿ ಒಂದಾಗಿತ್ತು.

"ಒಬ್ಬರೇನಾ ಇರೋದು?" ಅಧಿಕಾರಿ ಕೇಳಿದ.

ನಾನು ನಗುತ್ತಲೇ ಮತ್ತೆ ಫೋನು ಮಾಡಿದೆ. "ಏನ್ರೀ, ಕ್ರೇನ್ ಎಳೆದೂ ಎಳೆದೂ ಬೆರಳು ದಪ್ಪ ಆಗಿದೆಯಾ? ಇಲ್ಲ ಅಂತ ಒತ್ತಿದೀರಲ್ಲ!"

"ತಪ್ಪಿ ಒತ್ತಿದ್ದಲ್ಲ."

"ಮತ್ತೆ?"

"ಇಲ್ಲೇ ಒಬ್ಬಳ ಜೊತೆ ಮನೆ ಮಾಡಿದೀನಿ. ನಿಂಗೆ ಹೇಳಬೇಕು ಅಂತ ಎಷ್ಟೋ ಸಲ ಫೋನು ಎತ್ಕೊಂಡೆ, ಬಾಯಿ ಬರಲಿಲ್ಲ. ಅದು ನೇರವಾಗಿ ಕೇಳ್ತಲ್ಲ, ಹೇಳಿಬಿಟ್ಟೆ."

ನನಗೆ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಅವರು ಹೇಳಿದ್ದು ಬೇರೆ ಯಾರದೋ ಸಂಸಾರದ ಸುದ್ದಿ ಅನ್ನಿಸಿತು. ಇಡೀ ಬೀದಿ ನನ್ನ ಮುಖ ನೋಡುತ್ತಿತ್ತು. ಅಧಿಕಾರಿ ಜೀಪು ಹತ್ತುತ್ತಾ, "ಕೋಣೆ ಉಳೀತಲ್ಲಮ್ಮ, ಖುಷಿಪಡಿ," ಅಂದ.

ಕೈಯಲ್ಲಿದ್ದ ಫೋನು ಟಿಣ್ ಅಂದಿತು. ಮಾತಿನಮಲ್ಲಿ ಎಂದಿನ ಲವಲವಿಕೆಯಲ್ಲಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು:

"ನಮಸ್ಕಾರ! ನಿಮ್ಮ ಮನೆಯಲ್ಲಿ ಈಗ ನೀವೊಬ್ಬರೇ ಇದ್ದೀರಿ. ಒಂಟಿಯಾಗಿರುವವರಿಗೆ ನೀರಿನ ಕಂದಾಯದಲ್ಲಿ ರಿಯಾಯಿತಿ ಇದೆ. ನಿಮ್ಮ ಪರವಾಗಿ ಅರ್ಜಿ ಹಾಕಲೇ?"

ಉತ್ತರ ಬಾರದ್ದಕ್ಕೆ ಅವಳು ಮತ್ತೊಮ್ಮೆ ಕೇಳಿದಳು.