ಐಸ್ ಪೆಟ್ಟಿಗೆ

"ಅದನ್ನು ಚೆಲ್ಲಬೇಡ, ಕಿಶೋರ!"

ಬಾತ್‌ರೂಮಿನಲ್ಲಿ ಕ್ಯಾನಿನ ಮುಚ್ಚಳ ತಿರುಗಿಸುತ್ತಿದ್ದ ಕೃಷ್ಣಕಿಶೋರ ಬೆಚ್ಚಿ ನಿಂತ. ಬೆಳಗ್ಗಿನಿಂದ ಗಂಡನ ಶವದ ಪಕ್ಕ ಬಿಟ್ಟೇಳದ ವಾರಿಜಾಕ್ಷಿಯಮ್ಮ ಈಗ ಎದ್ದು ಬಾಗಿಲಿಗೆ ಬಂದಿದ್ದರು.

"ಅಪ್ಪ ಲ್ಯಾಬಿಗೆ ಅಂತ ಹಿಡಿದಿಟ್ಟ ಮೂತ್ರ ಅಮ್ಮ ಇದು. ಇನ್ನು ಎಂತಕ್ಕೆ? ಬಂದವರೆಲ್ಲ ಕೈಕಾಲು ತೊಳೆಯಲಿಕ್ಕೆ ಇಲ್ಲಿಗೇ ಬರ್ತಾರೆ."

"ನಿನ್ನೆ ಇಡೀ ದಿನ ಒಂದು ತೊಟ್ಟು ಬಿಡದೆ ಹಿಡಿದಿದ್ದಾರೆ. ಲ್ಯಾಬಿನವರು ಬಂದು ಕೊಂಡುಹೋಗಲಿ."

"ಹೋದವರಿಗೆ ಎಂತ ರಿಪೋರ್ಟ್ ಅಮ್ಮ?" ಮಗಳು ಚಿನ್ಮಯಿ ಅಳುತ್ತಲೇ ಕೇಳಿದಳು.

"ನನಗೆ ಬೇಕು."

ದುಃಖದಲ್ಲಿ ಅಮ್ಮನಿಗೆ ತಲೆ ಕೆಟ್ಟಿದೆ ಎಂದುಕೊಂಡು ಕಿಶೋರ ಮುಚ್ಚಳವನ್ನು ಮತ್ತೆ ಬಿಗಿದ. ತಲೆ ಏನೂ ಕೆಟ್ಟಿರಲಿಲ್ಲ. ಗಂಡನನ್ನು ಕೊಂದದ್ದು ತಾನೇ ಹೌದೋ ಅಲ್ಲವೋ ಎಂಬುದು ಅವರಿಗೆ ಗೊತ್ತಾಗಬೇಕಿತ್ತು.

* * *

ಮಧ್ವರಾಜರು ಕೊಡಿಯಾಲ್‌ಬೈಲಿನ ಕಾಲೇಜೊಂದರಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಸಾರಿಗೆ ಉಪ್ಪು ಬೀಳದಿದ್ದರೂ ಮಾತಿಲ್ಲದೆ ಉಂಡು ಏಳುವ ಜೀವ. ಅವರ ಬಿಪಿ ಇದ್ದಕ್ಕಿದ್ದಂತೆ ಏರುವುದೇಕೆ ಎಂದು ನೋಡಲು ಡಾಕ್ಟರು ಕಳೆದ ತಿಂಗಳು ಒಂದು ಇಡೀ ದಿನದ ಮೂತ್ರ ಪರೀಕ್ಷಿಸಬೇಕೆಂದಿದ್ದರು. ಲ್ಯಾಬಿನವರು ಆ್ಯಸಿಡ್ ಹಾಕಿದ ಕ್ಯಾನು ಕೊಟ್ಟು, ತಂಪಿನಲ್ಲೇ ಇರಬೇಕು ಎಂದರು. ಮಧ್ವರಾಜರು ಅದಕ್ಕೆ ಬಟ್ಟೆ ಸುತ್ತಿ, ಮನೆಯ ಮುಂದಿನ ಚಾವಡಿಯಲ್ಲಿದ್ದ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟರು.

"ದೇವರ ಹಾಲಿಡುವ ಜಾಗ ಅದು! ನಿಮಗೆ ಮಡಿ ಮೈಲಿಗೆ ಎಂತದ್ದೂ ಇಲ್ವಾ?"

"ಒಂದು ದಿನ ಮಾರಾಯ್ತಿ. ನಾಳೆ ನಾನೇ ತೊಳೆದು ಕೊಡ್ತೇನೆ."

ಊಟವಾಗಿ ಅವರು ಮಲಗಿದ್ದೇ ತಡ, ವಾರಿಜಾಕ್ಷಿಯಮ್ಮ ಕ್ಯಾನನ್ನು ಬಾಲ್ಕನಿಗೆ ಸಾಗಿಸಿ ಫ್ರಿಜ್ಜನ್ನು ತಿಕ್ಕಿ ತೊಳೆದರು. ಬಿಸಿಲಿನಲ್ಲಿದ್ದ ಕ್ಯಾನಿನ ನೆನಪಾದದ್ದು ಸಂಜೆಯ ಕಾಫಿಗೆ ಹಾಲಿಡುವಾಗ. ಓಡಿಹೋಗಿ ತಂದು ಮೊದಲಿನ ಜಾಗದಲ್ಲೇ ಇಟ್ಟರು. ಎದ್ದು ಬಂದ ಗಂಡ ಅದನ್ನೆತ್ತಿ, ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತರು.

"ಎಂತ?"

"ಎಂತ ಇಲ್ಲ."

ಸ್ಯಾಂಪಲ್ ಕೆಟ್ಟಿದೆ, ಇನ್ನೊಮ್ಮೆ ಕೊಡಿ ಎಂದಿತು ಲ್ಯಾಬು. ಪರೀಕ್ಷೆ ಮುಂದೆ ಹೋಯಿತು, ಅದನ್ನು ನೋಡಿ ಕೊಡಬೇಕಿದ್ದ ಔಷಧಿಯೂ. ಈ ಸಲ ಮಧ್ವರಾಜರು ಥರ್ಮೋಕೋಲಿನ ಐಸ್ ಪೆಟ್ಟಿಗೆ ತಂದು ಬಾತ್‌ರೂಮಿನಲ್ಲೇ ಇಟ್ಟುಕೊಂಡರು. ಫ್ರಿಜ್ಜಿನ ತಂಟೆಗೆ ಬರಲಿಲ್ಲವಲ್ಲ ಎಂದು ಹೆಂಡತಿಗೆ ನೆಮ್ಮದಿಯೇ ಆಗಿತ್ತು. ಇವತ್ತು ಬೆಳಗ್ಗೆ ಮಧ್ವರಾಜರು ಕೊನೆಯದ್ದನ್ನು ಹಿಡಿದು, ಮುಚ್ಚಳ ಬಿಗಿದು, ಅಲ್ಲೇ ಕುಸಿದರು. ಬಿಪಿ ಏರಿ ಮಿದುಳಿನ ನರ ಒಡೆದಿದೆ ಎಂದರು ಡಾಕ್ಟರು.

* * *

ಲ್ಯಾಬಿನ ಯೂಸುಫ್ ಬಂದವನು ಬಾಗಿಲಲ್ಲಿ ರಾಶಿಬಿದ್ದ ಚಪ್ಪಲಿ ನೋಡಿ ಹೊರಗೇ ನಿಂತ. ಐವತ್ತು ದಾಟಿದ ಆಸಾಮಿ, ವಿಷಯ ತಿಳಿದು ಕಣ್ಣೊರೆಸಿಕೊಂಡ. ವಾರಿಜಾಕ್ಷಿಯಮ್ಮ ಐಸ್ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ತಾವೇ ತಂದರು.

"ಇದು ಕೆಟ್ಟಿದೆಯಾ, ನೋಡಿ."

ಯೂಸುಫ್ ಕ್ಯಾನನ್ನು ಮುಟ್ಟಿ ನೋಡಿದ. "ಇಲ್ಲಮ್ಮ, ಲಾಯ್ಕ ತಂಪುಂಟು. ಮೊದಲಿನದ್ದು ಕೆಟ್ಟಾಗ ನಾನು ಕೇಳಿದ್ದೆ, ಫ್ರಿಜ್ಜಿನಲ್ಲಿ ಇಟ್ಟಿದ್ರಾ ಸರ್ ಅಂತ. ನಮ್ಮ ಮನೆಯಲ್ಲಿ ಫ್ರಿಜ್ಜೇ ಇಲ್ಲ ಮಾರಾಯಾ, ಹೊರಗೇ ಇಟ್ಟೆ, ತಪ್ಪು ನನ್ನದೇ ಅಂದ್ರು. ಅದಕ್ಕೇ ಈ ಪೆಟ್ಟಿಗೆ ಕೊಟ್ಟಿದ್ದು. ಪಾಪ, ಫ್ರಿಜ್ಜಿಲ್ಲ ಅಂತ ಹೇಳ್ಲಿಕ್ಕೆ ನಾಚಿಕೆ ಆಗಿರಬೇಕು ಅವರಿಗೆ."

ಅಂದು ಬಿಸಿಯಾದ ಕ್ಯಾನನ್ನು ಎರಡೂ ಕೈಯಲ್ಲಿ ಹಿಡಿದು ನಿಂತ ಗಂಡ ವಾರಿಜಾಕ್ಷಿಯಮ್ಮನ ಕಣ್ಣೆದುರು ಬಂದರು. ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಮಾತು ಆಡಲಿಲ್ಲ, ಪುಣ್ಯಾತ್ಮ.

"ಗಾಡಿ ಬಂತು, ದಾರಿ ಬಿಡಿ," ಎಂದರು ಯಾರೋ. ಚಾವಡಿಯಲ್ಲಿ ಒತ್ತಾಗಿ ನಿಂತಿದ್ದವರು ಆಚೀಚೆ ಸರಿದರು. ಅವರ ಹಿಂದಿದ್ದ ಫ್ರಿಜ್ಜು ಬಾಗಿಲಿನಿಂದಲೇ ಪೂರ್ತಿ ಕಾಣಿಸಿತು. ಯೂಸುಫ್ ಬಗ್ಗಿ ಪೆಟ್ಟಿಗೆಯ ಮುಚ್ಚಳಕ್ಕೆ ಟೇಪು ಸುತ್ತುತ್ತಿದ್ದ.

"ಅಮ್ಮ, ಬಾ. ಅಪ್ಪನನ್ನು ಎತ್ತುತ್ತಾರೆ," ಚಿನ್ಮಯಿ ಕರೆದಳು.

"ಬಂದೆ," ಎಂದರು ವಾರಿಜಾಕ್ಷಿಯಮ್ಮ. ಆದರೆ ಹೋಗಲಿಲ್ಲ. ಹಿಂದೆ ಹಿಂದೆ ಸರಿದು ಫ್ರಿಜ್ಜಿನ ಬಾಗಿಲಿಗೆ ಬೆನ್ನೊತ್ತಿ ನಿಂತರು. ಅದು ಅವರಿಗಿಂತ ಒಂದು ಗೇಣು ಎತ್ತರವಿತ್ತು. ಸೆರಗನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದು, ಯೂಸುಫ್ ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿಯುವ ತನಕ ಅವರು ಅಲ್ಲಿಂದ ಕದಲಲಿಲ್ಲ.