ತಾಯಮ್ಮನವರು ಕಂಡ ಕನಸುಗಳು

ಮೆಟ್ಟಿಲ ಮೇಲೆ ಒಂದು ತಟ್ಟೆ, ಅದರ ಮೇಲೆ ಮಗುಚಿದ ಇನ್ನೊಂದು ತಟ್ಟೆ. ಆ ವರ್ಷವನ್ನು ನೆನೆದಾಗಲೆಲ್ಲ ಮೊದಲು ಕಣ್ಣಿಗೆ ಕಟ್ಟುವುದು ಅದೇ. ಮನೆಯೊಡತಿ ತಾಯಮ್ಮನವರು ಸಂಜೆ ನನ್ನ ಊಟವನ್ನು ಹಾಗೆ ಮುಚ್ಚಿಟ್ಟು ಹೋಗುತ್ತಿದ್ದರು. ಬೆಳಿಗ್ಗೆ ನೋಡಿದರೆ ಅದು ಇಟ್ಟದ್ದು ಇಟ್ಟಂತೆಯೇ ಇರುತ್ತಿತ್ತು.

ನನ್ನ ಹೆಂಡತಿ ವಿಶಾಲು ತೀರಿಕೊಂಡ ಮೇಲೆ ನಾನು ಅವರ ಮಹಡಿಯ ಕೋಣೆಗೆ ಬಾಡಿಗೆಗೆ ಬಂದವನು. ಕಾಲೇಜಿನಲ್ಲಿ ಗ್ರೀಕರ ತತ್ತ್ವಶಾಸ್ತ್ರ ಪಾಠ ಹೇಳುವುದು ನನ್ನ ಕಸುಬು. ನನಗಿದ್ದ ಆಸೆ ಒಂದೇ, ವಿಶಾಲು ಒಮ್ಮೆ ಕನಸಿನಲ್ಲಿ ಬರಬೇಕು. ಹಾಳಾದವಳು ಬರಲೇ ಇಲ್ಲ. ಉಂಡ ಅನ್ನದ ಆವಿ ತಲೆಗೇರಿ ನಿದ್ದೆ ತರುತ್ತದೆ, ಹೊಟ್ಟೆ ಭಾರವಾದರೆ ಕಲಕಿದ ನೀರಿನಲ್ಲಿ ಮುಖ ಕಾಣದ ಹಾಗೆ ಕನಸೂ ಕಲಸಿಹೋಗುತ್ತದೆ ಎಂದು ಆ ಹಳೆಯ ಗ್ರೀಕರು ನಂಬಿದ್ದರು. ವರ್ಷಗಟ್ಟಲೆ ಹುಡುಗರಿಗೆ ಇದನ್ನು ಹೇಳಿ ನಗಿಸಿದ್ದ ನಾನೇ ರಾತ್ರಿಯೂಟ ಬಿಟ್ಟೆ. ದುಃಖ ಬಂದರೆ ಓದಿದವನ ಬುದ್ಧಿಯೂ ನೆಟ್ಟಗಿರುವುದಿಲ್ಲ, ನೋಡಿ.

ಅಡುಗೆ ಹಿಡಿಸಲಿಲ್ಲವೆಂದುಕೊಂಡು ತಾಯಮ್ಮನವರು ಒಂದು ದಿನ ಖಾರ ಕಡಿಮೆ ಮಾಡಿದರು, ಇನ್ನೊಂದು ದಿನ ತುಪ್ಪ ಸುರಿದರು. ಕೊನೆಗೆ ಒಂದು ಬೆಳಿಗ್ಗೆ ತಟ್ಟೆ ಎತ್ತಿಕೊಳ್ಳುತ್ತ, "ಮೇಷ್ಟ್ರೇ, ರಾತ್ರಿ ನಿಮ್ಮ ಮನೆಯವರು ನನ್ನ ಕನಸಿಗೆ ಬಂದಿದ್ರು. ಇವರ್ಯಾಕೆ ಊಟ ಬಿಟ್ಟಿದಾರೆ ಅಂತ ಚೆನ್ನಾಗಿ ಬೈದ್ರು," ಎಂದರು.

ನನಗೆ ಹೊಟ್ಟೆ ಉರಿದುಹೋಯಿತು. ಗೋಡೆಯ ಫೋಟೋದಲ್ಲಿ ಬಿಟ್ಟರೆ ಅವಳ ಮುಖವನ್ನೇ ಕಾಣದವರ ಕನಸಿಗೆ ಹೋಗಿದ್ದಾಳಲ್ಲ! ಆದರೂ ಅಂದು ಉಂಡೆ. ಆಮೇಲೆ ನಾನು ಊಟ ಬಿಟ್ಟಾಗಲೆಲ್ಲ ವಿಶಾಲು ಕೆಳಮನೆಗೆ ಬಂದು ಬೈದು ಹೋಗುತ್ತಿದ್ದಳು. ಆ ಬೈಗುಳ ಕೇಳುವ ಆಸೆಗೇ ನಾನು ಮತ್ತೆ ಮತ್ತೆ ತಟ್ಟೆ ಮುಟ್ಟದೆ ಬಿಡತೊಡಗಿದೆ.

ಒಂದು ಬೆಳಿಗ್ಗೆ ತಡೆಯಲಾಗಲಿಲ್ಲ. "ಅಮ್ಮಾ, ಇನ್ನೊಮ್ಮೆ ಬಂದರೆ ಒಂದು ಮಾತು ಕೇಳಿ. ಅವಳ ಜೀವ ಹೋಗುವಾಗ ನಾನು ಪಕ್ಕದಲ್ಲೇ ನಿದ್ದೆ ಹೋಗಿದ್ದೆ. ಕರೆದಳೋ ಏನೋ, ನನಗೆ ಕೇಳಿಸಲಿಲ್ಲ. ಆ ಸಿಟ್ಟಿಗೇ ನನ್ನ ಹತ್ತಿರ ಬರ್ತಿಲ್ವಾ ಅಂತ ಕೇಳಿ."

ತಾಯಮ್ಮನವರು ತಟ್ಟೆ ಕೆಳಗಿಟ್ಟರು. ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ತಪ್ಪಾಯ್ತು ಮೇಷ್ಟ್ರೇ. ಇದಕ್ಕೆ ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ. ನನಗೆ ಕನಸೇ ಬೀಳಲ್ಲ. ನಮ್ಮನೆಯವರು ಹೋದಾಗಿಂದ ನಿದ್ದೆ ಅನ್ನೋದೇ ಹತ್ತಿಲ್ಲ. ನೀವು ಒಂದು ತುತ್ತು ತಿನ್ನಲಿ ಅಂತ ಏನೋ ಹೇಳಿದೆ."

ಅಯ್ಯೋ ದೇವರೇ! ಅಷ್ಟು ದಿನ ಕೇಳಿದ ಬೈಗುಳವೆಲ್ಲ ಈಕೆಯದೇ. ಸಿಟ್ಟು ಬರಬೇಕಿತ್ತು, ಅಳು ಬಂತು. ನಾನೂ ಅವರ ಪಕ್ಕ ಮೆಟ್ಟಿಲ ಮೇಲೆ ಕುಳಿತೆ.

ಅವರೇ ಕೇಳಿದರು. "ನೀವು ಪಾಠ ಹೇಳೋ ಆ ಗ್ರೀಕರು ನಿದ್ದೆ ಬರದೇ ಇರೋರ ಬಗ್ಗೆ ಏನೂ ಹೇಳಿಲ್ವಾ?"

"ಹೇಳಿದಾರೆ. ಮಲಗಿದವರಿಗೆ ಅವರವರ ಲೋಕ ಅವರವರಿಗೆ, ಅಲ್ಲಿಗೆ ಇನ್ನೊಬ್ಬರು ಹೋಗೋಕಾಗಲ್ಲ. ಎಚ್ಚರ ಇರೋರಿಗೆಲ್ಲ ಮಾತ್ರ ಒಂದೇ ಲೋಕ ಅಂತ."

ತಾಯಮ್ಮನವರು ಸೆರಗಿನಿಂದ ಮುಖ ಒರೆಸಿಕೊಂಡರು. "ಹಾಗಾದ್ರೆ ಕೆಳಗೆ ಬನ್ನಿ. ಒಬ್ಬಳೇ ತಿಂದು ತಿಂದು ನನಗೂ ಸಾಕಾಗಿದೆ."

ಹೋದೆ. ಅಡುಗೆಮನೆಯ ಮೂಲೆಯಿಂದ ಅವರು ತಮ್ಮ ಗಂಡ ಕೂರುತ್ತಿದ್ದ ಮಣೆಯನ್ನು ತೆಗೆದರು. ಧೂಳು ಒರೆಸುತ್ತ ಒರೆಸುತ್ತ ಅವರ ಕೈ ಅಲ್ಲೇ ನಿಂತುಹೋಯಿತು. ನಾನು ಮಣೆಯನ್ನು ಅವರ ಕೈಯಿಂದ ತೆಗೆದುಕೊಂಡು, ಅವರೆದುರಿಗೆ ಹಾಕಿ ಊಟಕ್ಕೆ ಕುಳಿತೆ.